ನಾಯಿ ಕೇಳಿಕೊಂಡು ಬಂದಾತ

ನಾಯಿಗಳನ್ನು ಇಟ್ಟುಕೊಳ್ಳುವ ಕೆಲಸ ಶುರು ಮಾಡಿದ ಮೇಲೆ ನಾನು ಮನುಷ್ಯರನ್ನು ನಂಬುವುದು ಕಡಿಮೆಯಾಯಿತು. ಊರಿಗೆ ಹೋಗುವವರು, ಮದುವೆಗೆ ಹೋಗುವವರು, ದವಾಖಾನೆ ಸೇರುವವರು ತಮ್ಮ ನಾಯಿಯನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಾರೆ. ಗೊಳಸಂಗಿ ದಾಟಿ ಹೊಲದ ದಾರಿ ಹಿಡಿದರೆ ನಮ್ಮ ಮನೆ. ಮನೆಯ ಹಿಂದೆ ತಗಡು ಹೊದಿಸಿದ ಖೋಲಿಗಳ ಸಾಲು, ಪ್ರತಿಯೊಂದಕ್ಕೂ ಕಬ್ಬಿಣದ ಜಾಳಿಗೆಯ ಬಾಗಿಲು. ಮೊದಲು ಅಲ್ಲಿ ಅಪ್ಪನ ಕುರಿಗಳಿದ್ದವು. ಅಪ್ಪ ತೀರಿಕೊಂಡ ಮೇಲೆ ಕುರಿ ಮಾರಿದೆವು. ಈಗ ನಾನು, ನನ್ನ ಹೆಂಡತಿ, ನಮ್ಮವ್ವ ಮೂವರೂ ಸೇರಿ ಮಂದಿಯ ನಾಯಿ ನೋಡಿಕೊಳ್ಳುತ್ತೇವೆ. ನಾಲ್ಕು ದಿನದ ಮಾತು ಹೇಳಿ ಬಿಟ್ಟುಹೋದವರು ಫೋನ್ ನಂಬರನ್ನೇ ಬದಲಿಸಿದ್ದುಂಟು. ಮುದಿ ನಾಯಿಯನ್ನು ಕೈತೊಳೆದುಕೊಳ್ಳಲೆಂದೇ ತಂದವರೂ ಉಂಟು. ಹೀಗಾಗಿ ಗೇಟಿನಲ್ಲಿ ಯಾರಾದರೂ ನಿಂತರೆ ನಮಗೆ ಮೊದಲು ಬರುವುದು ಸಂಶಯ, ಆಮೇಲೆ ನಮಸ್ಕಾರ.

ಆ ವರ್ಷ ಸಂಶಯಕ್ಕೆ ಇನ್ನೊಂದು ಕಾರಣವೂ ಇತ್ತು. ಬೇಟೆ ನಾಯಿ ಕದಿಯುವವರು ತಿರುಗಾಡುತ್ತಿದ್ದಾರೆ ಎಂದು ಸುದ್ದಿ ಎದ್ದಿತ್ತು. ಕನ್ನೊಳ್ಳಿ ಕಡೆ ಒಬ್ಬರ ಅಂಗಳದಿಂದ ಹಾಡಹಗಲೇ ಮುಧೋಳ ನಾಯಿ ಎತ್ತಿಕೊಂಡು ಹೋದರಂತೆ, ಸೊಲ್ಲಾಪುರದ ಕಡೆ ಮಾರುತ್ತಾರಂತೆ. ಕಣ್ಣಾರೆ ಕಂಡವರು ಯಾರೂ ಸಿಗಲಿಲ್ಲ, ನಂಬದವರೂ ಸಿಗಲಿಲ್ಲ.

ಅಂಥ ದಿನಗಳಲ್ಲೇ ಬಸವನ ಬಾಗೇವಾಡಿಯ ಮೇಡಂ ಒಬ್ಬರು ತಮ್ಮ ಹೆಣ್ಣು ಮುಧೋಳ ನಾಯಿಯನ್ನು ತಂದು ಬಿಟ್ಟರು. ಕಾಲೇಜಿನಲ್ಲಿ ಪಾಠ ಹೇಳುವವರು, ಒಬ್ಬರೇ ಇರುವವರು. ಸಿಂದಗಿಯ ತವರುಮನೆಯಲ್ಲಿ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಕಾರು ಹತ್ತುವ ಮುಂಚೆ ತಿರುಗಿ ನಿಂತು ಹೇಳಿದರು:

"ನಾ ಬಂದ್ರಷ್ಟ ಕೊಡ್ರಿ. ಮತ್ತ ಯಾರ ಬಂದು ಕೇಳಿದ್ರೂ ಕೊಡಬ್ಯಾಡ್ರಿ."

"ಯಾರ ಬರ್ತಾರ್ರಿ ಮೇಡಂ?"

"ಯಾರೂ ಬರೂದಿಲ್ಲ," ಎಂದು ಬಾಗಿಲು ಹಾಕಿಕೊಂಡರು.

ಯಾರೂ ಬರುವುದಿಲ್ಲ ಎಂದಾದರೆ ಹಾಗೆ ಹೇಳುವುದೇಕೆ? ನನ್ನ ಹೆಂಡತಿ ಆ ಮಾತನ್ನು ಅಡುಗೆಮನೆಗೆ ಒಯ್ದಳು, ಅವ್ವ ಅದನ್ನು ಮಾಡಿನ ಕೆಳಗೆ ಕೂತು ಮತ್ತೆ ಮತ್ತೆ ಅರೆದಳು. ಇತ್ತ ನಾಯಿ ಮಂಕಾಗಿ ಮೂಲೆ ಹಿಡಿದಿತ್ತು. ಹಾಕಿದ್ದನ್ನು ಮೂಸಿ ಬಿಡುತ್ತಿತ್ತು. ಬೊಗಳಿದ್ದನ್ನು ನಾವು ಕೇಳಿಯೇ ಇರಲಿಲ್ಲ.

ಮೂರನೆಯ ದಿನ ಉತ್ತರಿ ಮಳೆ ಹಿಡಿಯಿತು. ನಮ್ಮ ಎರೆ ಭೂಮಿಯಲ್ಲಿ ಮಳೆ ಬಂತೆಂದರೆ ಹೊಲದ ದಾರಿಯಲ್ಲಿ ಕಾಲಿಟ್ಟವನ ಚಪ್ಪಲಿ ನೆಲದ ಪಾಲು. ಬೆಳಿಗ್ಗೆಯೇ ಕರೆಂಟು ಹೋಗಿ, ಫೋನಿನ ಟವರೂ ಹೋಗಿತ್ತು. ಇಂಡಿ ಕಡೆಯ ಲಿಂಬೆ ತೋಟದವರ ದೊಡ್ಡ ಶೆಫರ್ಡ್ ನಾಯಿ ಗುಡುಗಿಗೆಲ್ಲ ಊಳಿಡುತ್ತಿತ್ತು. ನಾನೂ ನನ್ನ ಹೆಂಡತಿಯೂ ಒದ್ದೆಯಾದ ಗೋಣಿಚೀಲ ತೆಗೆದು ಒಣ ಚೀಲ ಹಾಸುತ್ತಿದ್ದಾಗ ಗೇಟಿನ ಚಿಲಕ ಸದ್ದಾಯಿತು.

ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದಿದ್ದ ಒಬ್ಬಾತ. ಐವತ್ತರ ಆಸುಪಾಸು. ಎಡಗಾಲು ತುಸು ಎಳೆಯುತ್ತಿತ್ತು. ಬೈಕಿನ ಗಾಲಿಗೆ ಕೆಸರು ಮೆತ್ತಿ ತಿರುಗದೆ, ಗಾಡಿಯನ್ನು ಅರ್ಧ ದಾರಿಯಲ್ಲೇ ಬಿಟ್ಟು ನಡೆದು ಬಂದಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಒಂದು ಹಗ್ಗ, ಬಟ್ಟೆಯಲ್ಲಿ ಸುತ್ತಿದ ಏನೋ ಗಂಟು. ನನ್ನ ಕಣ್ಣು ಮೊದಲು ಹೋದದ್ದು ಹಗ್ಗದ ಮೇಲೆ.

"ಬಾಗೇವಾಡಿ ಮೇಡಂ ಅವರ ನಾಯಿ ಒಯ್ಯಾಕ ಬಂದೇನ್ರಿ. ಅವರ ಕಳ್ಸ್ಯಾರ."

"ಹಂಗ ಹೇಳಿಲ್ಲಲ್ರಿ ಅವರು. ನಮ್ಮ ಫೋನಿಗಿ ಟವರ್ ಇಲ್ಲ, ನಿಮ್ಮದರಿಂದ ಹಚ್ಚಿ ಕೊಡ್ರಿ, ಮಾತಾಡ್ತೇನಿ."

"ನನ್ನ ಫೋನ್ ಬಂದ್ ಆಗೇತ್ರಿ. ಚಾರ್ಜ್ ಇಲ್ಲ."

ಅಷ್ಟರಲ್ಲಿ ಹಿಂದಿನ ಖೋಲಿಯಿಂದ ಒಂದು ದನಿ ಬಂತು. ಅದು ಬೊಗಳುವುದೂ ಅಲ್ಲ, ಊಳಿಡುವುದೂ ಅಲ್ಲ. ಮಗು ಬಿಕ್ಕಿದ ಹಾಗಿತ್ತು. ಮೇಡಂ ಅವರ ನಾಯಿ ಹಿಂಗಾಲ ಮೇಲೆ ನಿಂತು ಮುಂಗಾಲಿನಿಂದ ಜಾಳಿಗೆ ಕೆರೆಯುತ್ತಿತ್ತು. ಆತ ಆ ಕಡೆ ಒಂದು ಹೆಜ್ಜೆ ಇಟ್ಟ. ನಾನು ಅಡ್ಡ ನಿಂತೆ.

"ನಾಯಿ ಗುರ್ತ ಹಿಡೀತು ನೋಡ್ರಿ," ಎಂದ.

ಅವ್ವ ಒಳಗಿನಿಂದಲೇ ಕೂಗಿದಳು: "ಏ ತಮ್ಮಾ, ಕಳ್ಳ ಮೊದಲ ನಾಯಿ ಸಂಗಟ ಗೆಳೆತನ ಮಾಡಿರ್ತಾನ. ಗುರ್ತ ಹಿಡೀತಂತ ಬಿಟ್ಟೀಯಂದ್ರ ನೋಡು!"

ಅವ್ವನ ಮಾತು ಆತನಿಗೂ ಕೇಳಿಸಿತು. ಕೊಪ್ಪೆ ತೆಗೆದು ನೀರು ಕೊಡವಿದ. ಹೊರಗೆ ಮಳೆ ಜೋರಾಗಿತ್ತು. ಹಳ್ಳ ರಸ್ತೆಯ ಮೇಲೆ ಬಂದಿದೆ ಎಂದು ಆತನೇ ಹೇಳಿದ. ಅಂಥ ಮಳೆಯಲ್ಲಿ ಕಳ್ಳನನ್ನಾದರೂ ಹೊರಗೆ ಅಟ್ಟುವುದು ಹೇಗೆ? ಮಾಡಿನ ಕೆಳಗಿನ ಕಟ್ಟೆಯ ಮೇಲೆ ಕೂರಲು ಹೇಳಿದೆ. ನನ್ನ ಹೆಂಡತಿ ಖೋಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿನ ಅಂಚಿಗೆ ಗಂಟು ಹಾಕಿಕೊಂಡಳು. ಅದನ್ನೂ ಆತ ನೋಡಿದ.

ಆಮೇಲೆ ನಾವು ಮೂವರೂ ಸರದಿಯ ಮೇಲೆ ಆತನನ್ನು ಮಾತಿಗೆಳೆದೆವು. ನನ್ನ ಹೆಂಡತಿ ತಲೆ ಒರೆಸಿಕೊಳ್ಳಲು ಟವೆಲ್ ಕೊಡುತ್ತ ಕೇಳಿದಳು. ಅವ್ವ ಚಹಾದ ಬಟ್ಟಲು ಹಿಡಿದು ಹೋಗಿ ಎದುರು ಕೂತಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಸೇರಿ ಕೇಳಿದ್ದನ್ನು ಒಟ್ಟು ಮಾಡಿದೆವು.

"ನನ್ನ ಮುಂದ, ಮೇಡಂ ಅವರ ತವರೂರಾಂವ, ಸಿಂದಗ್ಯಾಂವ ಅಂದ," ಎಂದಳು ಅವ್ವ.

"ನನಗ, ನಾಯಿ ನಂದ ಐತ್ರಿ ಅಕ್ಕಾರ, ಸಣ್ಣ ಮರಿ ಇದ್ದಾಗಿಂದ ನಾನ ಸಾಕೇನಿ ಅಂದ್ರು," ಎಂದಳು ನನ್ನ ಹೆಂಡತಿ.

ನನಗೆ ಹೇಳಿದ್ದು ಮೇಡಂ ಕಳಿಸಿದ್ದಾರೆ ಎಂದು. ಒಂದು ನಾಯಿಗೆ ಮೂರು ಕಥೆ! ಇದೇ ಮಾತಿನಲ್ಲಿರುವಾಗ ಹೊರಗೆ ಫೋನ್ ರಿಂಗಾಯಿತು. ಟವರ್ ಬಂದಿತ್ತು. ಇಣುಕಿ ನೋಡಿದರೆ ಚಾರ್ಜ್ ಇಲ್ಲದ ಆ ಫೋನು ಆತನ ಕಿಸೆಯಲ್ಲೇ ಬಡಿದುಕೊಳ್ಳುತ್ತಿತ್ತು. ಆತ ಗಡಬಡಿಸಿ ತೆಗೆದು ಕಟ್ ಮಾಡಿದ. ನಾನು ಬಾಗಿಲಲ್ಲಿ ನಿಂತದ್ದು ಕಂಡು ತಲೆ ತಗ್ಗಿಸಿದ.

ನನಗೆ ಇನ್ನು ಅನುಮಾನ ಉಳಿಯಲಿಲ್ಲ. ಮಾಳಿಗೆ ಹತ್ತಿ ಮೇಡಂ ಅವರಿಗೆ ಫೋನ್ ಹಚ್ಚಿದೆ. ಮಳೆಯ ಸದ್ದಿನಲ್ಲಿ ಒದರಿ ಒದರಿ ಹೇಳಬೇಕಾಯಿತು: ಒಬ್ಬ ಬಂದಿದ್ದಾನೆ, ನೀವು ಕಳಿಸಿದ್ದೀರಿ ಅನ್ನುತ್ತಾನೆ, ಬರೀ ಸುಳ್ಳು ಹೇಳುತ್ತಾನೆ.

"ಎಡಗಾಲ ಎಳೀತಾರೇನ್ರಿ?" ಎಂದರು.

"ಹೌದ್ರಿ."

ಮಳೆಯ ಸದ್ದಿಗೆ ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಅವರು ನಮ್ಮ ಮನಿಯವರು ಇದ್ರು," ಎಂದರು. "ಕೋರ್ಟಿನ್ಯಾಗ ಸೋಡಚೀಟಿ ಆಗಿ ಬ್ಯಾರೆ ಆಗೇವ್ರಿ. ನಾಯಿ ಕೊಡಬ್ಯಾಡ್ರಿ."

"ಪೊಲೀಸರಿಗಿ ಹೇಳ್ಲೇನ್ರಿ?"

"ಬ್ಯಾಡ, ಬ್ಯಾಡ್ರಿ," ಎಂದರು. "ಊಟ ಆಗೇತೇನು ಕೇಳ್ರಿ. ಶುಗರ್ ಐತಿ ಅವರಿಗಿ. ನಾ ಕೇಳೇನಿ ಅಂತ ಹೇಳಬ್ಯಾಡ್ರಿ."

ಕೆಳಗಿಳಿದು ಬಂದಾಗ ಆತ ಎದ್ದು ನಿಂತ. ನಾನು ಯಾರೊಂದಿಗೆ ಮಾತಾಡಿದೆ ಎಂಬುದು ನನ್ನ ಮುಖದಲ್ಲೇ ತಿಳಿದಿರಬೇಕು.

"ಸುಳ್ಳ ಹೇಳಿದ್ನಿರಿ," ಎಂದ. "ಖರೇ ಹೇಳಿದ್ರ ಗೇಟಿನ ಒಳಗ ಬಿಡ್ತಿದ್ದಿಲ್ಲ ನೀವು."

ಅದೂ ನಿಜವೇ. ಆತ ಈಗ ಮುದ್ದೇಬಿಹಾಳ ತಾಲೂಕಿನಲ್ಲಿ, ತಂಗಡಗಿಯ ಹತ್ತಿರ ಹೊಲ ಮಾಡಿಕೊಂಡಿದ್ದ. ಇಬ್ಬರ ನಡುವೆ ಕೆಟ್ಟ ದಿನಗಳು ಬಂದಾಗ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡು ದವಾಖಾನೆಯಲ್ಲಿದ್ದನಂತೆ. ಹೊರಗೆ ಬರುವಷ್ಟರಲ್ಲಿ ಸಾಮಾನು ಹಂಚಿಕೆಯಾಗಿ, ನಾಯಿ ಮೇಡಂ ಕಡೆ ಉಳಿದಿತ್ತು. "ಅವರ ಮನಿ ಮುಂದ ಹೋಗಿ ನಿಂದ್ರಾಕ ಆಗೂದಿಲ್ಲರಿ, ಮಂದಿ ನೋಡ್ತಾರ," ಎಂದ. ನಾಯಿ ನಮ್ಮಲ್ಲಿರುವುದು ಹೇಗೆ ತಿಳಿಯಿತು ಎಂದು ಕೇಳಿದೆ. ನಮ್ಮ ನಾಯಿಗಳಿಗೆ ನುಚ್ಚು ತಂದು ಹಾಕುವ ಗಾಡಿಯವನು ಆತನ ಊರಿನವನೇ ಆಗಿದ್ದ. ನಾಯಿಯ ಗುರುತು ಹಿಡಿದು ಹೋಗಿ ಹೇಳಿದ್ದ.

ಕಥೆ ಕೂಡಿ ಬಂತು. ಆದರೂ ನನ್ನ ಮನಸ್ಸು ಕರಗಲಿಲ್ಲ. ಬೆಳಗಿನಿಂದ ಮೂರು ಸುಳ್ಳು ಹೇಳಿದವನ ನಾಲ್ಕನೆಯ ಮಾತು ಮಾತ್ರ ಖರೆ ಎಂದು ನಂಬುವುದು ಹೇಗೆ? ಹಗ್ಗವನ್ನು ನನ್ನ ಕೈಗೆ ತೆಗೆದುಕೊಂಡ ಮೇಲೆಯೇ ಖೋಲಿಯ ಬಾಗಿಲು ತೆರೆಸಿದೆ. ಆತ ಒಳಗೆ ಹೋಗಿ ಗೋಡೆಗೆ ಆತು ಕೂತ. ನಾಯಿ ಮೈಮೇಲೆಲ್ಲ ಹತ್ತಿ, ಕಿವಿ ನೆಕ್ಕಿ, ಕೊನೆಗೆ ಉದ್ದನೆಯ ಮೂತಿಯನ್ನು ಆತನ ಕಂಕುಳಲ್ಲಿ ತೂರಿಸಿ ನಿಂತುಬಿಟ್ಟಿತು. ಆತ ಗಂಟು ಬಿಚ್ಚಿದ. ಕಡಕ್ ಸಜ್ಜಿ ರೊಟ್ಟಿ.

"ತಡೀರಿ!" ಎಂದು ಕೈ ಹಿಡಿದೆ. ಹೊರಗಿನ ತಿನಿಸು ಯಾವ ನಾಯಿಗೂ ಹಾಕಗೊಡುವುದಿಲ್ಲ ನಾವು. ವಿಷದ ಭಯ.

ಆತ ನನ್ನನ್ನೇ ನೋಡುತ್ತ ರೊಟ್ಟಿಯ ಒಂದು ಚೂರು ಮುರಿದು ತಾನು ತಿಂದ. ಮತ್ತೊಂದು ಚೂರು ನನ್ನ ಕಡೆ ಚಾಚಿದ. ನಾನೂ ತಿಂದೆ. ಆಮೇಲೆ ಉಳಿದದ್ದನ್ನೆಲ್ಲ ನಾಯಿ ಕಟಕಟ ಅಗಿದು ತಿಂದಿತು. ನಮ್ಮಲ್ಲಿಗೆ ಬಂದಾಗಿನಿಂದ ಅದು ಹೊಟ್ಟೆ ತುಂಬ ತಿಂದದ್ದು ಅದೇ ಮೊದಲು.

ಅವ್ವ ಆತನಿಗೆ ಊಟಕ್ಕೆ ಬಡಿಸಿದಳು. ಮಧ್ಯಾಹ್ನ ಕಳೆದು ಮಳೆ ಹೊಳವಾದಾಗ ಆತ ಹೊರಡಲು ಎದ್ದ. "ಒಂದ ದಿವಸ ಒಯ್ದು ತಂದು ಬಿಡ್ತೇನ್ರಿ. ನಿಮ್ಮ ಕಾಲ ಬೀಳ್ತೇನಿ." ನಾನು ಆಗುವುದಿಲ್ಲವೆಂದೆ. ಮತ್ತೆ ಕೇಳಲಿಲ್ಲ. ಹಗ್ಗವನ್ನು ಇಲ್ಲೇ ಇಟ್ಟುಕೊಳ್ಳಿ ಎಂದು ಹೋದ. ಸಂಜೆಯವರೆಗೂ ನಾಯಿ ಗೇಟಿನ ಕಡೆ ಮುಖ ಮಾಡಿ ಕೂತಿತ್ತು. ನಾನು ಎರಡು ಸಲ ಹೋಗಿ ಕೀಲಿ ಜಗ್ಗಿ ನೋಡಿ ಬಂದೆ.

ಮೇಡಂ ಬಂದು ನಾಯಿ ಒಯ್ದಾಗ ಆ ವಿಷಯ ಎತ್ತುತ್ತಾರೇನೋ ಎಂದು ಕಾದೆ. ಎತ್ತಲಿಲ್ಲ. ಕಾರಿನಲ್ಲಿ ಕೂತ ಮೇಲೆ ನನ್ನ ಹೆಂಡತಿಯನ್ನು ಕರೆದು ಮೆಲ್ಲಗೆ, "ಉಂಡ್ರೇನ್ರಿ ಅವತ್ತ?" ಎಂದು ಕೇಳಿದರಂತೆ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆವು. ಆದರೆ ಮುಂದಿನ ತಿಂಗಳು ಮೇಡಂ ಮತ್ತೆ ನಾಯಿ ತಂದರು. ಪುಣೆಗೆ ಹೊರಟಿದ್ದೇನೆ ಎಂದರು. ಯಾರಿಗೂ ಕೊಡಬೇಡಿ ಎಂಬ ಮಾತು ಈ ಸಲ ಬರಲಿಲ್ಲ. ಮರುದಿನ ಹೊತ್ತೇರುವ ಮೊದಲೇ ಆತನ ಗಾಡಿ ಬಂತು. ಅದರ ಮುಂದಿನ ತಿಂಗಳು ಕಲಬುರಗಿಗೆ ಎಂದರು. ಆತ ಮತ್ತೆ ಬಂದ. ನಮ್ಮ ನುಚ್ಚಿನ ಗಾಡಿಯವನು ಅಷ್ಟರಲ್ಲಿ ಬೇರೆ ಕೆಲಸ ಹಿಡಿದಿದ್ದ. ಹಾಗಾದರೆ ಈತನಿಗೆ ಸುದ್ದಿ ಮುಟ್ಟಿಸುವವರು ಯಾರು? ಈತ ಮೇಡಂ ಅವರ ಮನೆ ಕಾಯುತ್ತಿದ್ದಾನೆಯೇ? ಯಾರನ್ನಾದರೂ ಹಿಂದೆ ಬಿಟ್ಟಿದ್ದಾನೆಯೇ? ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಮೊಬೈಲಿನ್ಯಾಗ ಸ್ಟೇಟಸ್ ಹಾಕ್ತಾರ್ರಿ ಅವರು, ಊರಿಗಿ ಹೊಂಟೇನಿ ಅಂತ," ಎಂದು ತೋರಿಸಿದ. "ನನ್ನ ನಂಬರ್ ಇನ್ನಾ ತಗದಿಲ್ಲ, ನೋಡ್ರಿ. ಮರ್ತಾರೇನೊ."

ಆ ವಾರವೇ ನನ್ನ ಹೆಂಡತಿ ಸಂತೆಗೆಂದು ಬಾಗೇವಾಡಿಗೆ ಹೋದವಳು ಏದುಸಿರು ಬಿಡುತ್ತ ಮನೆಗೆ ಬಂದಳು.

"ರೀ, ಮೇಡಂ ಕಲಬುರಗಿಗೆ ಹೋಗ್ಯಾರಂತೀರಿ? ಸಂತ್ಯಾಗ ಬದನಿಕಾಯಿ ಆರಿಸಾಕತ್ತಿದ್ರು. ನನ್ನ ನೋಡಿ ಅತ್ಲಾಗ ಮಾರಿ ತಿರಿವಿದ್ರು."

ಆವತ್ತು ಅವರ ನಾಯಿ ನಮ್ಮ ಖೋಲಿಯಲ್ಲಿತ್ತು, ಅದರ ಪಕ್ಕದಲ್ಲಿ ಆತ ಕೂತಿದ್ದ. ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಡಂ ಎಲ್ಲಿಗೂ ಹೋಗುವುದಿಲ್ಲ. ಆತ ನೋಡಲಿ ಎಂದೇ ತಂದು ಬಿಡುತ್ತಾರೆ. ಇಷ್ಟು ದಿನ ಆತನ ಮೇಲೆಯೇ ಕಣ್ಣಿಟ್ಟಿದ್ದ ನನಗೆ, ಪುಣೆ ಎಂದಾಗಿನಿಂದ ಒಂದೇ ಸಮ ಸುಳ್ಳು ಹೇಳಿದವರು ಮೇಡಂ ಎಂಬ ಸಂಶಯವೇ ಬಂದಿರಲಿಲ್ಲ.

"ಅವರಿಗಿ ಹೇಳ್ಲೇನು?" ಎಂದು ಖೋಲಿಯ ಕಡೆ ಕಣ್ಣು ಮಾಡಿದೆ.

"ನಿಮಗ್ಯಾಕ ಊರ ಉಸಾಬರಿ?" ಎಂದಳು ಹೆಂಡತಿ. ಅವ್ವ ಮಾತ್ರ, "ಇಬ್ಬರನ್ನೂ ಕೂಡಿಸಿ ನಾಲ್ಕ ಬೈದು ಕಳಿಸಿದ್ರ ಮುಗೀತಿತ್ತು," ಎಂದು ಗೊಣಗಿದಳು. ನಾನು ಹೇಳಲಿಲ್ಲ.

ತೊಗರಿ ಹೂ ಬಿಟ್ಟ ಕಾಲಕ್ಕೆ ಒಂದು ದಿನ ಮೇಡಂ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಆತನ ಗಾಡಿ ನಮ್ಮ ಗೇಟಿನಲ್ಲೇ ನಿಂತಿತ್ತು. ಮಾಳಿಗೆಯ ಮೇಲೆ ಚೀಲ ಒಣಹಾಕುತ್ತಿದ್ದ ನನಗೆ ಕಂಡಿತು: ಕಾರು ಹೊಲದ ದಾರಿಯ ತುದಿಯಲ್ಲಿ ನಿಂತಿತು, ಮುಂದೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆತ ಎಂದಿನಂತೆ ಹೊರಟ. ಕಾರಿನ ಪಕ್ಕಕ್ಕೆ ಬಂದಾಗ ಗಾಡಿ ನಿಂತಿತು. ಕಾರಿನ ಗಾಜು ಇಳಿಯಿತು. ಏನು ಮಾತಾಡಿದರೋ ಆ ದೂರಕ್ಕೆ ಕೇಳಲಿಲ್ಲ. ಜಗಳವೇ ಎಂದು ಗಾಬರಿಯಾಗಿ ನೋಡುತ್ತಿದ್ದೆ. ಯಾರೂ ಕೈ ಎತ್ತಿ ಮಾತಾಡಿದ್ದು ಕಾಣಲಿಲ್ಲ. ಆಮೇಲೆ ಆತ ಮುದ್ದೇಬಿಹಾಳದ ಕಡೆ ಹೋದ. ಮೇಡಂ ಒಳಗೆ ಬಂದರು.

ನಾಯಿಯನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿ, ಅದರ ತಲೆ ಸವರುತ್ತಲೇ ನನಗೆ ಹೇಳಿದರು:

"ಇನ್ನ ಮ್ಯಾಲ ಅವರ ಬಂದು ಕೇಳಿದ್ರ, ಕೊಟ್ಟು ಕಳಿಸ್ರಿ."

"ಯಾರ್ ಬಂದ್ರರಿ?"

"ಅವರ," ಎಂದರು. "ನಮ್ಮ... ಅವರ."

ಕಿವಿಯಾರೆ ಕೇಳಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಸಂಜೆ ಮತ್ತೊಮ್ಮೆ ಫೋನ್ ಹಚ್ಚಿ, ನಾಯಿಯನ್ನು ಅವರ ಕೈಗೆ ಕೊಡಬಹುದು ಅಂದದ್ದು ಖರೆಯೇನು ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಮೇಡಂ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.