ಊರಲ್ಲಿಲ್ಲದವರ ಪಟ್ಟಿ

ಆಗ ನನಗೆ ಐವತ್ತು. ಇಪ್ಪತ್ತು ವರ್ಷದ ಹಿಂದಿನ ಮಾತು. ಔರಾದಿನ ತಾಲೂಕು ಕಚೇರಿಯಲ್ಲಿ ಕಂಪ್ಯೂಟರ್ ನಡೆಸುವವನೊಬ್ಬನಿದ್ದ. ಕೀಲಿ ಒತ್ತುವ ಮೊದಲು ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಆ ವರ್ಷದ ಬರದಲ್ಲಿ ಕೂಲಿ ಹುಡುಕಿ ಗುಳೆ ಹೋದವರ ಪಟ್ಟಿಯನ್ನು ರೇಷನ್ ಪಟ್ಟಿಗೆ ಮನೆ ನಂಬರಿನಿಂದ ಜೋಡಿಸಿದ. ನನ್ನ ಮಗ, ಸೊಸೆ ಕಬ್ಬು ಕಡಿಯಲು ಹೋಗಿದ್ದರು. ಅದೇ ನಂಬರಿನ ನನ್ನ ಹೆಸರಿಗೂ ‘ಊರಲ್ಲಿಲ್ಲ’ ಎಂದು ಬಿತ್ತು, ಅಕ್ಕಿ ನಿಂತಿತು.

“ತಮ್ಮಾ, ನಿನ್ನ ಮುಂದೇ ನಿಂತೀನಲ್ಲೋ. ನಾ ಏನ್ ದೆವ್ವೇನು?”

“ಪಟ್ಟಿದಾಗ ಹಾಂಗೇ ಅದ್ರಿ, ಅವ್ವಾ.” ಎಲ್ಲರಿಗೂ ಅದೇ ಮಾತು.

“ನಿಮ್ಮವ್ವಂದು ನೋಡು.”

ಬೆರಳು ಒರೆಸಿಕೊಂಡು ಒತ್ತಿದ. ಅವನ ತಮ್ಮನೂ ಗುಳೆ ಹೋಗಿದ್ದ. ಅವ್ವನೂ ‘ಊರಲ್ಲಿಲ್ಲ’.

“ಮನ್ಯಾಗ ಹಾಸಿಗಿ ಹಿಡದಾಳ್ರಿ,” ಎಂದ.

“ತಿದ್ದು ಮತ್ತ.”

“ಪಟ್ಟಿ ಬೀದರ ಜಿಲ್ಲಾ ಆಫೀಸಿಗಿ ಹೋಗ್ಯದ್ರಿ. ಇನ್ನ ನಾ ಮುಟ್ಟಾಂಗಿಲ್ಲ.”

ಮರುದಿನ ಬೆಳಿಗ್ಗೆ ನಾನೂ ಕಬ್ಬು ಕಡಿಯುವವರ ಲಾರಿ ಹತ್ತಿದೆ.