ಒಂದೇ ಮುಖದ ಇಬ್ಬರು

ಕಾಟಿಪಳ್ಳದಲ್ಲಿ ಯಾರ ಮನೆಯ ಆಡಿಗೆ ಮರಿ ಹಾಕಲು ಕಷ್ಟವಾದರೂ ಮೊದಲ ಫೋನು ಹೋಗುವುದು ಮೂರನೇ ಬ್ಲಾಕಿನ ಯೂಸುಫರಿಗೆ. ಅವರೇನೂ ಡಾಕ್ಟರಲ್ಲ, ಓದಿದ್ದು ಎಂಟನೇ ಕ್ಲಾಸು. ಆದರೆ ಗಲ್ಫಿನಲ್ಲಿ ಹದಿನಾಲ್ಕು ವರ್ಷ ಒಂಟೆಗಳ ಬಾಣಂತನ ಮಾಡಿ ಬಂದವರು. ನಮ್ಮ ಆಡಿನ ಹೊಟ್ಟೆಯಲ್ಲಿ ಮರಿ ಅಡ್ಡ ತಿರುಗಿದ್ದ ದಿನ ಅವರು ಸ್ಕೂಟರ್ ನಿಲ್ಲಿಸಿ, ಮೊಣಕೈಯವರೆಗೆ ಸೋಪು ಹಚ್ಚಿಕೊಂಡು ಕೂತವರು, ಮರಿಯನ್ನು ಹೊರಗೆ ತಂದ ಮೇಲೆಯೇ ಎದ್ದದ್ದು. ಆಮೇಲೆ ಚಾ ಕುಡಿಯುತ್ತಾ ಅವರು ತಮ್ಮ ಕಥೆ ಹೇಳಿದರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯೂಸುಫ್ ಮತ್ತು ರಿಯಾಝ್ ಅವಳಿ ಮಕ್ಕಳು. ನೆರೆಯವರಿಗೆ, ಶಾಲೆಯ ಮಾಸ್ತರರಿಗೆ, ಸಿಟಿ ಬಸ್ಸಿನ ಕಂಡಕ್ಟರಿಗೆ ಇಬ್ಬರನ್ನೂ ಬೇರೆ ಮಾಡಿ ನೋಡಲು ಆಗುತ್ತಿರಲಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ರಿಯಾಝ್‌ಗೆ ಇಲಿಜ್ವರ ಬಂತು. ಐದನೇ ದಿನ ಅವನು ಇರಲಿಲ್ಲ.

ಉಳಿದ ಯೂಸುಫ್‌ಗೆ ತನ್ನ ಮುಖವೇ ಭಾರವಾಯಿತು. ದಾರಿಯಲ್ಲಿ ಎದುರಾದವರು ಒಂದು ಕ್ಷಣ ಬೆಚ್ಚಿ ನಿಲ್ಲುತ್ತಿದ್ದರು. ಮನೆಯಲ್ಲಿ ಅವನು ಊಟಕ್ಕೆ ಕೂತರೆ ಸಾಕು, ತಾಯಿ ರುಖಿಯಾ ಬಡಿಸುತ್ತಾ ಬಡಿಸುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನು ಗಡ್ಡ ಬಿಟ್ಟ, ತಲೆ ಬಾಚುವ ರೀತಿ ಬದಲಿಸಿದ. ತಾಯಿಯ ಕಣ್ಣೀರು ನಿಲ್ಲಲಿಲ್ಲ. ಈ ಮುಖ ಕಣ್ಣೆದುರು ಇರುವವರೆಗೆ ಉಮ್ಮನ ದುಃಖ ಆರುವುದಿಲ್ಲ ಎಂದು ಅವನೇ ತೀರ್ಮಾನ ಮಾಡಿಕೊಂಡ. ಪರಿಚಯದವರ ಮೂಲಕ ವೀಸಾ ಸಿಕ್ಕಿದ ಕೂಡಲೇ ಗಲ್ಫಿಗೆ ಹೊರಟ. ಮದುವೆಗೆಂದು ಒಮ್ಮೆ, ಮಗಳು ಹುಟ್ಟಿದಾಗ ಒಮ್ಮೆ ಬಂದದ್ದು ಬಿಟ್ಟರೆ ಊರಿನ ಕಡೆ ತಲೆ ಹಾಕಲಿಲ್ಲ. ಹೆಂಡತಿ ಸಾಜಿದಾ ಫೋನಿನಲ್ಲಿ ಕೇಳಿದರೆ ರಜೆ ಇಲ್ಲ ಎನ್ನುತ್ತಿದ್ದ.

ಅಲ್ಲಿ ಅವನಿಗೆ ಸಿಕ್ಕಿದ್ದು ಒಂಟೆ ಸಾಕಣೆಯ ಕೆಲಸ. ಕೆಲವು ವರ್ಷಗಳ ನಂತರ ಅದೇ ಜಾಗದಲ್ಲಿ ಪ್ರಯೋಗಾಲಯ ಎದ್ದಿತು. ಅಲ್ಲಿಗೆ ಬಂದ ಪಶುವೈದ್ಯೆ ನಮ್ಮ ಕಡೆಯ ಉರ್ವದವರೇ, ಹೆಸರು ಕ್ಯಾರಲ್. ಅವರ ಮನೆಮಾತು ಕೊಂಕಣಿ, ಯೂಸುಫರದ್ದು ಬ್ಯಾರಿ. ಮರಳುಗಾಡಿನ ನಡುವೆ ಇಬ್ಬರೂ ಕನ್ನಡ ಮಾತಾಡಿಕೊಂಡರು. ಕ್ಯಾರಲ್ ಇವರನ್ನು ಅಣ್ಣ ಎನ್ನುವ ಹಾಗೆ ಯೂಸುಫಾಕ ಎಂದು ಕರೆಯುತ್ತಿದ್ದರು.

"ಎಂತ ಕೆಲಸ ಇದು, ಡಾಕ್ಟ್ರೆ?" ಎಂದು ಯೂಸುಫ್ ಮೊದಲ ವಾರವೇ ಕೇಳಿದ್ದರು.

"ಸತ್ತುಹೋದ ಒಂದು ಒಳ್ಳೆಯ ಹಾಲಿನ ಒಂಟೆಯ ಚರ್ಮದ ಕಣ ನಮ್ಮ ಹತ್ರ ಉಂಟು, ಯೂಸುಫಾಕ. ಬೇರೆ ಒಂಟೆಯ ಅಂಡದ ತಿರುಳು ತೆಗೆದು ಇದನ್ನು ಅದರೊಳಗೆ ಇಡ್ತೇವೆ. ಅದು ಬೆಳೆಯಲಿಕ್ಕೆ ಶುರುವಾದ ಮೇಲೆ ಮೂರನೇ ಒಂಟೆಯ ಗರ್ಭಕ್ಕೆ ಹಾಕ್ತೇವೆ. ಹುಟ್ಟುವ ಮರಿ ಸತ್ತದ್ದರ ತದ್ರೂಪಿ."

ಯೂಸುಫ್‌ಗೆ ಅಳುಕಾಯಿತು. ಸೃಷ್ಟಿಗೆ ಕೈ ಹಾಕುವ ಈ ಕೆಲಸದಲ್ಲಿ ತಾನು ಇರಬಹುದೇ? ಶುಕ್ರವಾರ ನಮಾಝ್ ಮುಗಿಸಿ ಅಲ್ಲಿಯ ಮಸೀದಿಯಲ್ಲಿ ಪ್ರವಚನ ಕೊಡುವ ಖತೀಬರನ್ನು ಕೇಳಿದರು. ಅವರು ಸ್ವಲ್ಪ ಯೋಚಿಸಿ ಹೇಳಿದರಂತೆ: "ಆ ಕಣವನ್ನು ಇವರು ಮಾಡಿದ್ದಲ್ಲ, ಮಾಡಿದವನು ಬೇರೆ. ಪ್ರಾಣಿಯ ವಿಷಯದಲ್ಲಿ ಪಂಡಿತರು ಒಂದೊಂದು ತರಹ ಹೇಳುತ್ತಾರೆ. ಮನುಷ್ಯನ ವಿಷಯದಲ್ಲಿ ಬೇಡವೇ ಬೇಡ. ನಿನ್ನ ಕೈಯಿಂದ ಆ ಮೂಕಜೀವಕ್ಕೆ ಹಿಂಸೆ ಆಗದ ಹಾಗೆ ನೋಡಿಕೋ. ನಿನ್ನನ್ನು ಕೇಳುವುದು ಅದನ್ನೇ."

ಆ ಮಾತನ್ನು ಯೂಸುಫ್ ಗಟ್ಟಿಯಾಗಿ ಹಿಡಿದುಕೊಂಡರು. ಹುಟ್ಟುವ ತದ್ರೂಪಿಯ ಬಗ್ಗೆ ಎಲ್ಲರಿಗೂ ಕುತೂಹಲ. ಅದನ್ನು ಹದಿಮೂರು ತಿಂಗಳು ಹೊರುವ ಬಾಡಿಗೆ ತಾಯಿ ಒಂಟೆಯನ್ನು ಯಾರೂ ವಿಚಾರಿಸುತ್ತಿರಲಿಲ್ಲ. ಹತ್ತಾರು ಗರ್ಭ ನಿಲ್ಲದೆ ಹೋಗುತ್ತಿದ್ದವು. ಒಂದು ಕಂದು ಒಂಟೆಗೆ ಎರಡು ಸಲ ಹಾಗೆಯೇ ಆಯಿತು. ಎರಡನೆಯ ಸಲ ಅದು ಮೂರು ದಿನ ಮೇವು ಮುಟ್ಟದೆ, ಬೇಲಿಗೆ ತಲೆಯೊತ್ತಿ ನಿಂತಿತು. ಮತ್ತೆ ಅದರ ಗರ್ಭಕ್ಕೇ ಹಾಕಬೇಕೆಂದು ಪಟ್ಟಿ ಬಂದಾಗ ಯೂಸುಫ್ ಅದನ್ನು ಒಳಗೆ ಕರೆತರಲಿಲ್ಲ.

"ಇದಕ್ಕೆ ಸಾಕಾಗಿದೆ, ಡಾಕ್ಟ್ರೆ. ಬೇಕಾದರೆ ನನ್ನನ್ನು ಕೆಲಸದಿಂದ ತೆಗೀರಿ."

"ಹೌದು ಮಾರಾಯ್ರೆ, ನಾನೇ ಹೇಳಬೇಕಿತ್ತು" ಎಂದ ಕ್ಯಾರಲ್, ಮೇಲಿನವರ ಹತ್ತಿರ ಹೋಗಿ ಜಗಳವಾಡಿದರು. ಎರಡು ಗರ್ಭ ಹೋದ ಒಂಟೆಗೆ ಮತ್ತೆ ಹಾಕಬಾರದೆಂದು ಅಲ್ಲಿ ನಿಯಮವೇ ಆಯಿತು. ಇವತ್ತಿಗೂ ಯೂಸುಫ್ ಆ ವಿಷಯ ಬಂದರೆ ಕ್ಯಾರಲ್‌ಗೆ ದೇವರು ಒಳ್ಳೆಯದು ಮಾಡಲಿ ಎನ್ನುತ್ತಾರೆ.

ಕೊನೆಗೆ ಬೇರೆ ಎರಡು ಬಾಡಿಗೆ ತಾಯಿ ಒಂಟೆಗಳಿಗೆ ಎರಡು ಮರಿ ಹುಟ್ಟಿದವು, ಒಂದೇ ಒಂಟೆಯ ಎರಡು ತದ್ರೂಪಿಗಳು. ಒಂದು ಯಾರು ಕರೆದರೂ ಬಂದು ಕಿಸೆಯಲ್ಲಿ ಮೂತಿ ತೂರಿಸುವುದು. ಇನ್ನೊಂದು ಯೂಸುಫ್ ಬಿಟ್ಟು ಬೇರೆ ಯಾರನ್ನೂ ಹತ್ತಿರ ಬಿಡದು.

ಆ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ಒಂದು ಮಧ್ಯಾಹ್ನ ಒಬ್ಬ ಅರಬ್ ಹೆಂಗಸು ಕೇಂದ್ರಕ್ಕೆ ಬಂದರು. ಕ್ಯಾರಲ್‌ಗೆ ಅರಬಿ ಸಾಲದೆ ಯೂಸುಫರನ್ನು ಕರೆಸಿದರು. ಹೆಂಗಸು ಕೈಚೀಲದಿಂದ ಮಡಚಿದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಒಂದು ಹಿಡಿ ಕಪ್ಪು ಕೂದಲು. ಏಳು ವರ್ಷದ ಮಗನದ್ದು. ಈಜುಕೊಳದಲ್ಲಿ ಮುಳುಗಿ ಹೋದ ಮಗ.

"ಒಂಟೆಗೆ ಆಗುವುದಾದರೆ ಇವನಿಗೆ ಯಾಕೆ ಆಗುವುದಿಲ್ಲ?" ಎಂದು ಆಕೆ ಕೇಳಿದರು.

ಯೂಸುಫ್ ಅದನ್ನು ಕನ್ನಡಕ್ಕೆ ತಂದಾಗ ಕ್ಯಾರಲ್ ಹೇಳಿದರು: "ಹೇಳಿ ಯೂಸುಫಾಕ, ಯಾರೂ ಮಾಡುವುದಿಲ್ಲ, ಮಾಡಬಾರದು. ಕಾನೂನೂ ಬಿಡುವುದಿಲ್ಲ, ನನ್ನ ಇಗರ್ಜಿಯೂ ಒಪ್ಪುವುದಿಲ್ಲ. ಒಂಟೆಗಳಲ್ಲೇ ಎಷ್ಟು ಗರ್ಭಗಳು ಉಳಿಯದೆ ಹೋಗ್ತವೆ ಅಂತ ನಾನು ಕಣ್ಣಾರೆ ನೋಡಿದವಳು. ಆದರೆ ಇದನ್ನೆಲ್ಲ ಈ ಅಮ್ಮನಿಗೆ ಹೇಗೆ ಹೇಳುವುದು?"

ಯೂಸುಫ್ ನೆಲದ ಮೇಲೆ ಕೂತರು. ಡಾಕ್ಟರು ಹೇಳಿದ್ದನ್ನು ಮೆತ್ತಗೆ ಅರಬಿಗೆ ತಂದರು. ಆಮೇಲೆ ತಮ್ಮದೇ ಮಾತು ಸೇರಿಸಿದರು: "ನಾನೂ ನನ್ನ ತಮ್ಮನೂ ಅವಳಿ, ಅಮ್ಮ. ಅವನು ತೀರಿಹೋದ. ಅವನ ಮುಖವೇ ನನ್ನದು. ಮುಖ ಉಳಿಯಿತು, ಅವನು ಉಳಿಯಲಿಲ್ಲ."

ಆಕೆ ಅವರ ಮುಖವನ್ನೇ ನೋಡುತ್ತಾ ಕೇಳಿದರು, "ನಿನ್ನ ತಾಯಿಗೆ ನಿನ್ನಲ್ಲಿ ಅವನು ಕಾಣುತ್ತಾನಾ?"

"ಗೊತ್ತಿಲ್ಲ. ನಾನು ಕೇಳಿಯೇ ಇಲ್ಲ."

"ಕೇಳು" ಎಂದರು ಆಕೆ. ಕೂದಲನ್ನು ಜೋಪಾನವಾಗಿ ಕರವಸ್ತ್ರದಲ್ಲಿ ಮಡಚಿಕೊಂಡು, ಯೂಸುಫರ ತಲೆ ಮುಟ್ಟಿ ಹೊರಟುಹೋದರು.

ಆ ಸಂಜೆಯೇ ಯೂಸುಫ್ ಊರಿಗೆ ಫೋನ್ ಮಾಡಿದರು. ಸಾಜಿದಾ ತೆಗೆದರು. ಉಮ್ಮನಿಗೆ ಕೊಡಲು ಹೇಳಿ, ಹದಿನಾಲ್ಕು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಕೇಳಿದರು: "ಉಮ್ಮ, ನನ್ನನ್ನು ನೋಡಿದರೆ ನಿಮಗೆ ರಿಯಾಝ್ ಕಾಣ್ತಾನಾ?"

"ಯಾರು ಹೇಳಿದ್ದು ನಿನಗೆ?" ರುಖಿಯಾರ ಸ್ವರ ಏರಿತು. "ತೊಟ್ಟಿಲಲ್ಲಿ ಇರುವಾಗಲೇ ನೀವು ಬೇರೆ ಬೇರೆ. ಹಾಲು ಕುಡಿಯುವಾಗ ನೀನು ನನ್ನ ಬೆರಳು ಹಿಡೀತಿದ್ದಿ, ಅವನು ಕಾಲಲ್ಲಿ ಒದೀತಿದ್ದ. ಊರಿನವರಿಗೆ ಒಂದೇ ಮುಖ. ನಾನು ಒಂದು ದಿನವಾದರೂ ನಿನ್ನನ್ನು ಅವನ ಹೆಸರಲ್ಲಿ ಕರೆದದ್ದುಂಟಾ?"

ಇರಲಿಲ್ಲ. ಯೂಸುಫ್ ನೆನಪು ಮಾಡಿಕೊಂಡರು, ಒಮ್ಮೆಯೂ ಕರೆದಿರಲಿಲ್ಲ.

"ಮತ್ತೆ ನಾನು ಊಟಕ್ಕೆ ಕೂತಾಗ ಅಳ್ತಿದ್ರಲ್ಲ?"

"ನಿನ್ನ ಪಕ್ಕದ ಜಾಗ ಖಾಲಿ ಇತ್ತು, ಮೋನೇ. ಅದಕ್ಕೆ ಅಳ್ತಿದ್ದೆ. ನೀನೂ ಹೋದ ಮೇಲೆ ಎರಡು ಜಾಗ ಖಾಲಿ ಆಯ್ತು."

ಯೂಸುಫ್ ಎಷ್ಟು ಅತ್ತರೆಂದರೆ, ಮೇವು ಹಾಕಲು ಬಂದ ಜೊತೆಯವರು ಊರಲ್ಲಿ ಯಾರೋ ತೀರಿಕೊಂಡರೆಂದೇ ತಿಳಿದರು. ಎರಡು ತಿಂಗಳಲ್ಲಿ ಕೆಲಸ ಬಿಟ್ಟು ಮನೆಗೆ ಬಂದರು. ರುಖಿಯಾ ಬಾಗಿಲಲ್ಲಿ ನಿಂತು ಹೇಳಿದ ಮೊದಲ ಮಾತು, "ಯೂಸುಫ್, ಎಷ್ಟು ಬಡವಾಗಿದ್ದಿ ನೀನು."

ಈಗ ಅವರಿಗೆ ಹನ್ನೊಂದು ಆಡುಗಳಿವೆ. ಮಗಳು ಮುಫೀದಾ ಪಿಯುಸಿಯಲ್ಲಿ ವಿಜ್ಞಾನ ಓದುತ್ತಾಳೆ. ಹೋದ ಕ್ರಿಸ್ಮಸ್ ರಜೆಯಲ್ಲಿ ಕ್ಯಾರಲ್ ಕಾಟಿಪಳ್ಳಕ್ಕೆ ಬಂದಿದ್ದರಂತೆ. ರುಖಿಯಾ ಅಕ್ಕಿರೊಟ್ಟಿ, ಕೋಳಿಸಾರು ಮಾಡಿ ಬಡಿಸಿ, ಅವರ ಎರಡೂ ಕೈ ಹಿಡಿದು, "ನನ್ನ ಮಗನನ್ನು ನನಗೆ ಕೊಟ್ಟದ್ದು ನೀನು" ಎಂದರು.

"ಅಯ್ಯೋ, ನಾನಲ್ಲ ಉಮ್ಮ. ಅವತ್ತು ಬಂದ ಆ ತಾಯಿ" ಎಂದರು ಕ್ಯಾರಲ್.

ಆ ಹೆಂಗಸಿನ ಹೆಸರು ಯಾರಿಗೂ ಗೊತ್ತಿಲ್ಲ. ಅವತ್ತಿನಿಂದ ರುಖಿಯಾ ಐದು ಹೊತ್ತಿನ ನಮಾಝಿನ ಕೊನೆಗೆ ಆಕೆಗಾಗಿ, ಆಕೆಯ ಮಗನಿಗಾಗಿ ದುಆ ಮಾಡುತ್ತಾರೆ.