ಗೋಡೆಯ ಮೇಲಿನ ಪಾಸ್‌ವರ್ಡ್

ಆಗ ನನಗೆ ಎಪ್ಪತ್ತೊಂದು. ಈಗ್ಗೆ ಮೂರು ವರ್ಷದ ಮಾತು. ಬನಹಟ್ಟಿಯ ನಮ್ಮ ಮನೆಗೆ ವೈಫೈ ಡಬ್ಬಿ ಬಂತು. ಮಗ್ಗದ ಮೇಲಿನ ಸೀರೆಯನ್ನು ದೂರದ ವ್ಯಾಪಾರಿಗಳಿಗೆ ವಿಡಿಯೊದಲ್ಲಿ ತೋರಿಸಬೇಕೆಂದು ಮಗ ಹಾಕಿಸಿದ. ಕೂಡಿಸಲು ಬಂದವನು ಜಮಖಂಡಿಯವನು. ಡಬ್ಬಿಯ ಕೆಳಗೆ ಅಂಟಿಸಿದ ಪಾಸ್‌ವರ್ಡ್ ಬದಲಿಸಿಕೊಳ್ಳಿ, ಹೊಸದನ್ನು ಮನೆಯವರ ಹೊರತು ಯಾರಿಗೂ ಹೇಳಬೇಡಿ ಎಂದು ಹೇಳಿ ಹೋದ.

ಮಗ ಬದಲಿಸಿದ. ಆದರೆ ನೇಯುವವರು ದಿನಾ ಬಂದು ಕೇಳತೊಡಗಿದರು. ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಯಾವ ಮಗ್ಗಕ್ಕೆ ಯಾವ ನೂಲು ಎಂಬುದನ್ನು ನಾವು ಮೊದಲಿನಿಂದಲೂ ಗೋಡೆಗೇ ಬರೆಯುವವರು. ಅವನು ಇದನ್ನೂ ನೂಲಿನ ಕೆಂಪು ಬಣ್ಣದಲ್ಲಿ ಬಾಗಿಲ ಪಕ್ಕ ದಪ್ಪಗೆ ಬರೆದ. ಕಟ್ಟೆಯ ಮೇಲೆ ಕೂತವರಿಗೂ ಕಾಣುತ್ತಿತ್ತು. ನಾನು ಸಾಲಿಗೆ ಹೋದದ್ದು ಎರಡು ವರ್ಷ; ಆ ಇಂಗ್ಲಿಷ್ ಅಕ್ಷರಗಳು ನನಗೆ ಬರೀ ಗೆರೆ.

ನಮ್ಮ ನಲ್ಲಿಯ ನೀರನ್ನು ಓಣಿಯೆಲ್ಲ ತುಂಬಿಕೊಳ್ಳುತ್ತಿತ್ತು. ನೆಟ್ಟೂ ಹಾಗೇ ಆಯಿತು.

ಎದುರು ಮನೆಯವಳ ಮಗಳಿಗೆ ಮುಧೋಳದ ಗಂಡು ಗೊತ್ತಾಗಿತ್ತು. ಅದಕ್ಕೂ ಮೊದಲು ಅವಳ ಸೋದರಮಾವ, ಬೀಳಗಿ ಕಡೆಯವನು, ತನಗೇ ಕೊಡಬೇಕೆಂದು ಕೂತಿದ್ದ. ನಮ್ಮಲ್ಲಿ ಅದು ನಡೆದು ಬಂದದ್ದೇ. ಹುಡುಗಿ ಒಲ್ಲೆ ಅಂದಳು. ಅವನು ಸಿಟ್ಟು ತೋರಿಸಲಿಲ್ಲ. ಮದುವೆ ಕೆಲಸಕ್ಕೆ ಆಗುತ್ತೇನೆಂದು ಬಂದು ಅಕ್ಕನ ಮನೆಯಲ್ಲೇ ಉಳಿದ. ಅವನ ಫೋನಿಗೆ ನೆಟ್ ಸಿಗುತ್ತಿಲ್ಲ, ನಿಮ್ಮದು ಹಚ್ಚಿಕೊಳ್ಳಲೇನು ಎಂದು ಎದುರು ಮನೆಯವಳೇ ಬಂದು ಕೇಳಿದ್ದಳು. ಗೋಡೆಯ ಮೇಲಿದೆ, ನೋಡಿಕೊಳ್ಳಲಿ ಅಂದೆ. ದಿನಾ ನಮ್ಮ ಕಟ್ಟೆಯ ಮೇಲೆ ಫೋನು ಹಿಡಿದು ಕೂತಿರುತ್ತಿದ್ದ. ಚಹಾ ಕೊಟ್ಟರೆ ಕುಡಿಯುತ್ತಿದ್ದ.

ಮದುವೆ ಹತ್ತಿರ ಬಂದಾಗ ಯಾರೋ ಹುಡುಗಿಯ ಹೆಸರಿನಲ್ಲಿ ಸುಳ್ಳು ಖಾತೆ ತೆರೆದು, ಬೆತ್ತಲೆ ಚಿತ್ರಗಳಿಗೆ ಅವಳ ಮುಖ ಅಂಟಿಸಿ ಮುಧೋಳದವರಿಗೆಲ್ಲ ಕಳಿಸಿದರು. ಅವರು ಸಂಬಂಧ ಮುರಿದರು. ತಾಯಿ ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟಳು. ಕೆಲವು ವಾರದ ಮೇಲೆ ಪೊಲೀಸರು ಬಂದರು, ಅದೆಲ್ಲ ಹೋದದ್ದು ನಮ್ಮ ಮನೆಯ ನೆಟ್ಟಿನಿಂದ ಎಂದರು. ಮಗನನ್ನು ಮಗ್ಗದಿಂದ ಎಬ್ಬಿಸಿ ಜೀಪಿಗೆ ಹತ್ತಿಸಿದರು. ಎದುರು ಮನೆಯವಳು ಹೊಸ್ತಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅಂದಳು.

"ನಿನಗೂ ಹೆಣ್ಣುಮಕ್ಕಳು ಅದಾವಲ್ಲೋ ಭಾಡ್ಯಾ. ನಾಳೆ ಅವನ್ನ ಯಾರ ಮನಿಗೆ ಕೊಡ್ತಿ?"

ಅವನಿಗೆ ಇಬ್ಬರು ಹೆಣ್ಣುಮಕ್ಕಳು ಖರೆ. ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

ನಾನು ಆಟೋ ಹಿಡಿದು ಠಾಣೆಗೆ ಹೋದೆ. ಅಳಲಿಲ್ಲ. ಸಾಹೇಬ ಕುರ್ಚಿ ತೋರಿಸಿ ಕೇಳಿದ:

"ನಿಮ್ಮ ಮನಿ ನೆಟ್ ಯಾರ್ಯಾರು ಬಳಸ್ತೀರಿ, ಅಮ್ಮಾ?"

"ಯಾರು ಬಳಸಂಗಿಲ್ಲ ಅಂತ ಕೇಳ್ರಿ. ಬಂದು ಗ್ವಾಡಿ ನೋಡ್ರಿ."

ಬಂದರು, ನೋಡಿದರು. ಒಬ್ಬ ಪೊಲೀಸಪ್ಪ ನಕ್ಕ, ಸಾಹೇಬ ಗದರಿದ. ಆ ಗೋಡೆ ಓದಿದವರೆಲ್ಲರ ಫೋನು ತರಿಸಿದರು. ಇನ್ನೂ ಅಕ್ಕನ ಮನೆಯಲ್ಲೇ ಇದ್ದ ಸೋದರಮಾವ ಫೋನು ಕೆಟ್ಟಿದೆ ಅಂದ. ಕೆಟ್ಟಿರಲಿಲ್ಲ. ಸುಳ್ಳು ಖಾತೆ ಅದರಲ್ಲೇ ಇತ್ತು, ಚಿತ್ರಗಳೂ ಇದ್ದವು.

ಅವನ ತೋಳು ಹಿಡಿದಾಗ ಎದುರು ಮನೆಯವಳು ನಡುವೆ ಬಂದು ನಿಂತಳು.

"ಅವ ಅಲ್ರಿ ಸಾಹೇಬ್ರ. ಅವ ಅಕಿ ಸೋದರಮಾವ ಅದಾನ್ರಿ."

ಹುಡುಗಿ ಒಳಗಿನಿಂದ ಬಂದು ತಾಯಿಯ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

ಸಂಜೆಗೆ ಮಗನನ್ನು ಬಿಟ್ಟರು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಓಣಿಯಲ್ಲಿ ನಡೆದು ಬರುವಾಗ ಮಂದಿ ಮಾತು ನಿಲ್ಲಿಸಿ ನೋಡಿದರಂತೆ. ಊಟಕ್ಕೆ ಕರೆದರೆ ಏಳಲಿಲ್ಲ. ನೆಂಟಸ್ತನ ಮುರಿದ ಮುಧೋಳದವರಿಗೂ ಹುಡುಗಿಯ ಮನೆಯವರು ನಿಜ ಹೇಳಿ ಕಳಿಸಿದರು. ಅವರು ತಿರುಗಿ ಬರಲಿಲ್ಲ.

ಮಗ ಠಾಣೆಯಿಂದ ಬಂದ ಮರುದಿನ ಬೆಳಿಗ್ಗೆ ನಾನು ಮಗ್ಗದ ಮನೆಯ ಬಾಗಿಲಿಗೆ ನೀರು, ತೆಂಗಿನಕಾಯಿಯ ಜುಂಗು ತಂದು ಗೋಡೆ ತಿಕ್ಕಿದೆ. ನೂಲಿನ ಬಣ್ಣ, ಹೋಗಲಿಲ್ಲ. ಮಗ ಫೋನು ಹಿಡಿದು ಬಂದು ಪಾಸ್‌ವರ್ಡ್ ಬದಲಿಸಿದ.

"ಅವ್ವಾ, ಹೊಸಾದು ಹೇಳ್ತೇನಿ, ನೆನಪಿಟ್ಕೊ."

"ನನಗೂ ಹೇಳಬ್ಯಾಡ."

ಆಮೇಲೆ ಕುಡುಗೋಲು ತಂದು ಗೋಡೆಯ ಗಿಲಾವನ್ನೇ ಕೆತ್ತಿ ಹಾಕಿದೆ.